ಡಿಸ್ಕಿನ ವೇಗ, ತಂತಿಯ ವೇಗ: ನಾಲ್ಕು ತಾಲ್ಲೂಕುಗಳ ಪಹಣಿಯನ್ನು ಕುರಿತು

ಭೂದಾಖಲೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಾಯಿದೆಗಳನ್ನೂ ಆಡಳಿತ ಕ್ರಮಗಳನ್ನೂ ಪರಿಶೀಲಿಸುತ್ತಾರೆ. ದಾಖಲೆಯನ್ನು ಹೊತ್ತು ಸಾಗಿಸುವ ಸಾಧನದ ವೇಗವನ್ನು ಪರಿಶೀಲಿಸುವುದು ವಿರಳ. ದಾಖಲೆ ಎಲ್ಲಿ ನೆಲೆಸಬೇಕೆಂಬ ಪ್ರಶ್ನೆಗೆ ಈ ವೇಗವೂ ಸಂಬಂಧಿಸಿದೆಯೆಂಬುದನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1997ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಭಾಗ. ಪ್ರತ್ಯೇಕ ತಾಲ್ಲೂಕೆಂದು ಘೋಷಿತವಾದುದು 2017ರಲ್ಲಿ. 2002ರ ವೇಳೆಗೆ ‘ಭೂಮಿ’ ಯೋಜನೆಯು ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತ್ತು. ಮೊದಲ ಹಂತದಲ್ಲಿ ಆಯಾ ತಾಲ್ಲೂಕಿನ ದಾಖಲೆ ಆಯಾ ಕಚೇರಿಯ ಯಂತ್ರದಲ್ಲೇ ಇದ್ದಿತು. ಆದುದರಿಂದ ನ್ಯಾಮತಿಯ ರೈತನು ಪಹಣಿಗಾಗಿ ಹೊನ್ನಾಳಿಗೇ ಹೋಗಬೇಕಾಗಿದ್ದಿತು.

ಈಗ ವೇಗಗಳನ್ನು ಹೋಲಿಸೋಣ. ಡಿಸ್ಕಿನ ವೇಗವನ್ನು ಬೈಟುಗಳಲ್ಲಿಯೂ ತಂತಿಯ ವೇಗವನ್ನು ಬಿಟ್ಟುಗಳಲ್ಲಿಯೂ ಹೇಳುವುದು ರೂಢಿ. 8 ಬಿಟ್ಟುಗಳಿಗೆ 1 ಬೈಟು ಎಂಬುದನ್ನು ಮರೆತರೆ ಹೋಲಿಕೆಯೆಲ್ಲ ತಪ್ಪುತ್ತದೆ. ‘ಭೂಮಿ’ಗೆ ಕೆಲವೇ ವರ್ಷಗಳ ಹಿಂದೆ ಬಳಕೆಗೆ ಬಂದ ಅಲ್ಟ್ರಾ ಡಿಎಂಎ ಪದ್ಧತಿಯ ಐಡಿಇ ಜೋಡಣೆಯ ಮಿತಿ ಸೆಕೆಂಡಿಗೆ 33 ಮೆಗಾಬೈಟು. ಸರ್ವರುಗಳಿಗೆ ಹೊಂದಿದ ಅಲ್ಟ್ರಾ 160 ಸ್ಕಸಿಯ ಮಿತಿ 160. ಇವುಗಳ ಎದುರಿಗೆ ಮೊದಲ ಈಥರ್‌ನೆಟ್ಟಿನ 10 ಮೆಗಾಬಿಟ್ಟೆಂದರೆ 1.25 ಮೆಗಾಬೈಟು ಮಾತ್ರ. 1995ರ 100 ಮೆಗಾಬಿಟ್ಟೆಂದರೆ 12.5. 1999ರಲ್ಲಿ ತಾಮ್ರದ ತಂತಿಗೆ ಗಿಗಾಬಿಟ್ ಮಾನಕ ದೊರೆತಾಗ ತಂತಿ 125 ಮೆಗಾಬೈಟನ್ನು ಮುಟ್ಟಿತು. ಐಡಿಇ ಜೋಡಣೆಯ ಕೊನೆಯ ಮಿತಿಯಾದರೋ 133. ಹೀಗೆ ಒಂದೇ ಕೊಠಡಿಯೊಳಗೆ ತಂತಿಯು ಡಿಸ್ಕನ್ನು ಸರಿಸುಮಾರಾಗಿ ಸಮೀಪಿಸಿತು. ಇವೆಲ್ಲವೂ ದಾರಿಯ ಮಿತಿಗಳೇ ಹೊರತು ನಡೆದ ವೇಗಗಳಲ್ಲ. ತಿರುಗುವ ಡಿಸ್ಕು ಕೊಡುತ್ತಿದ್ದುದು ಇದಕ್ಕಿಂತ ಕಡಮೆ.

ಊರಿಂದೂರಿಗೆ ಹೋಗುವ ತಂತಿಯ ಸಂಗತಿ ಬೇರೆ. ಈ ಊರುಗಳಿಂದ ದಾವಣಗೆರೆಗೆ ಬಸ್ಸಿನಲ್ಲಿ 2 ಗಂಟೆ ಹಿಡಿಯುವುದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 650 ಮೆಗಾಬೈಟಿನ ಒಂದು ಸಿ.ಡಿ.ಯನ್ನು ಚೀಲದಲ್ಲಿಟ್ಟು ಒಯ್ದರೆ ಅದರ ವೇಗ ಸೆಕೆಂಡಿಗೆ ಸುಮಾರು 720 ಕಿಲೋಬಿಟ್ಟು. ದೂರವಾಣಿಯ 56 ಕಿಲೋಬಿಟ್ ಮೋಡೆಮ್ಮಿಗೆ ಅಷ್ಟೇ ಮಾಹಿತಿಯನ್ನು ಕಳುಹಿಸಲು 26 ಗಂಟೆ ಬೇಕು. 2005ರಲ್ಲಿ ಕೇಂದ್ರ ಸರ್ಕಾರವು ಅಂಗೀಕರಿಸಿದ ರಾಜ್ಯವ್ಯಾಪಿ ಜಾಲಗಳ ಯೋಜನೆಯು ಕನಿಷ್ಠ 2 ಮೆಗಾಬಿಟ್ಟನ್ನು ಉದ್ದೇಶಿಸಿತು. ಆ ವೇಗದಲ್ಲಿ ಈ ಕೆಲಸ 43 ನಿಮಿಷದ್ದು. ಇಲ್ಲಿ ತಂತಿಯು ಬಸ್ಸನ್ನು ಮೀರಿತು. ಆದರೆ 40 ಗಿಗಾಬೈಟಿನ ಹಾರ್ಡ್ ಡಿಸ್ಕನ್ನು ಬರಿದುಮಾಡಲು ಅದೇ ತಂತಿಗೆ 44 ಗಂಟೆ. ಬಸ್ಸಿಗೆ ಮತ್ತೆ ಎರಡೇ.

ಇದರಿಂದ ಸಿದ್ಧವಾಗುವುದೇನು? ಒಂದು ಪಹಣಿ ಕೆಲವೇ ಕಿಲೋಬೈಟುಗಳ ಅಕ್ಷರರೂಪದ ಮಾಹಿತಿ. ಅದನ್ನು ಕಳುಹಿಸಲು ಮಂದವಾದ ತಂತಿಯೂ ಸಾಕು, ಅದು ಕಡಿಯದಿದ್ದರೆ. ತಾಲ್ಲೂಕಿನ ಇಡೀ ದಾಖಲೆಯನ್ನು ಸಾಗಿಸುವಾಗ ಮಾತ್ರ ಡಿಸ್ಕಿನ ಮೇಲ್ಮೆ ಕಾಣುತ್ತದೆ. ರಾಜ್ಯದ ದಾಖಲೆಗಳು ಜಾಲಕ್ಕೆ ಸೇರಿದ ಮೇಲೆ ರೈತನು ತಾಲ್ಲೂಕು ಕೇಂದ್ರಕ್ಕೆ ಕಟ್ಟುಬೀಳುವುದು ತಪ್ಪಿತು. ಇಂದು ಪಹಣಿಯನ್ನು ಅಂತರ್ಜಾಲದಲ್ಲಿಯೇ ನೋಡಬಹುದು. ಆದರೆ 2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆಯಂತೆ ಕೈಬರಹದ ಹಳೆಯ ಕಡತಗಳನ್ನು ಚಿತ್ರರೂಪಕ್ಕೆ ತರುವಾಗ ಪ್ರತಿ ಪುಟವೂ ಭಾರವಾಗುತ್ತದೆ, ಹಳೆಯ ಲೆಕ್ಕ ಮತ್ತೆ ಎದುರಾಗುತ್ತದೆ.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇವೆ. ಐಡಿಇ, ಸ್ಕಸಿ ಕೊಂಡಿಗಳು ಈಗಿನ ಸಾಮಾನ್ಯ ಯಂತ್ರಗಳಲ್ಲಿಲ್ಲ. ಕೂಡಿಸಲು ಕೊಂಡಿಯಿಲ್ಲದ ಡಿಸ್ಕಿನ ವೇಗ ಸೊನ್ನೆ. ಅದರೊಳಗಣ ಹಕ್ಕುಪತ್ರವೂ ಓದಿಗೆ ಸಿಗದು. ಇಂಥ ಡಿಸ್ಕುಗಳು ಎಲ್ಲಿಯೇ ಉಳಿದಿರಲಿ, ಓದಬಲ್ಲ ಯಂತ್ರಗಳು ಇರುವಾಗಲೇ ಅವುಗಳ ಪ್ರತಿ ಮಾಡಿಡುವುದು ಚರಿತ್ರಕಾರರ ಕೆಲಸವೂ ಹೌದೆಂದು ನಾವು ಭಾವಿಸುತ್ತೇವೆ.