ಸ್ಕ್ಯಾನರ್‌ಗೆ ದುಡ್ಡಿದೆ, ಪಟ್ಟಿ ಬರೆಯೋರಿಗೆ?

ಬೆಂಗಳೂರು–ಮೈಸೂರು ಹಳೇ ಹೆದ್ದಾರಿಯಲ್ಲಿ ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೊರಟರೆ ಕೆಂಗಲ್ ಆಂಜನೇಯನ ಗುಡಿ ಸಿಗುತ್ತೆ. ಈ ಜಾಗದ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡ ಹನುಮಂತಯ್ಯನವರು ವಿಧಾನಸೌಧ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ಅದರೊಳಗೇ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಇದೆ, ಸರ್ಕಾರದ ಹಳೇ ಕಡತಗಳನ್ನ ಕಾಯುತ್ತೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಇವತ್ತಿನ ಪ್ರಶ್ನೆ ಇದು: ದಾಖಲೆ ಕಾಯೋ ಕೆಲಸಕ್ಕೆ ದುಡ್ಡು ಕೊಡೋರು ಬದಲಾದರೆ, ಆ ಕೆಲಸದ ಅರ್ಥವೂ ಬದಲಾಗುತ್ತಾ?

ಮೊದಲು ನಮ್ಮ ಸೀಮೆಯ ಕಲ್ಲುಗಳಿಂದ ಶುರು ಮಾಡೋಣ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 9ನೇ ಸಂಪುಟ 1905ರಲ್ಲಿ ಬಂತು. ಮಾಗಡಿ, ಚನ್ನಪಟ್ಟಣ, ಆಗ ಕಾನಕಾನಹಳ್ಳಿ ಅನ್ನಿಸಿಕೊಳ್ಳುತ್ತಿದ್ದ ಕನಕಪುರ, ಈ ಕಡೆಯ ಶಾಸನಗಳೆಲ್ಲ ಅದರಲ್ಲಿವೆ. ದುಡ್ಡು ಮೈಸೂರು ಸರ್ಕಾರದ್ದು. ಶಾಸನಗಳನ್ನ ಜೋಡಿಸಿದ್ದು ತಾಲ್ಲೂಕುವಾರು. ಅಂದರೆ ಆಡಳಿತದ ನಕ್ಷೆಯೇ ಪುಸ್ತಕದ ಪರಿವಿಡಿ ಆಯ್ತು. ಶಾಸನ ಓದೋ ವಿದ್ವಾಂಸರು ಇವತ್ತಿಗೂ ತಾಲ್ಲೂಕು ಮತ್ತು ನಂಬರ್ ಹೇಳಿಯೇ ಮಾತಾಡ್ತಾರೆ. ದುಡ್ಡು ಕೊಟ್ಟವರ ಕಣ್ಣು ಕೆಲಸಗಾರರ ಕಣ್ಣೂ ಆಗೋದು ಹೀಗೆ, ಸದ್ದಿಲ್ಲದೆ.

ಈಗಿನ ಕಥೆ ಬೇರೆ. ಬ್ರಿಟಿಷ್ ಲೈಬ್ರರಿ 2004ರಿಂದ 'ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ' ನಡೆಸ್ತಿದೆ. ದುಡ್ಡು ಆರ್ಕೇಡಿಯಾ ಅನ್ನೋ ದತ್ತಿ ಸಂಸ್ಥೆಯದ್ದು. ಭಾರತವೂ ಸೇರಿ ಹಲವು ದೇಶಗಳಲ್ಲಿ ಹಾಳಾಗ್ತಿದ್ದ ಕಾಗದ, ಹಸ್ತಪ್ರತಿಗಳನ್ನ ಡಿಜಿಟಲ್ ಮಾಡಿಸಿದೆ. ಮೂಲಪ್ರತಿ ಆಯಾ ದೇಶದಲ್ಲೇ ಉಳಿಯಬೇಕು ಅನ್ನೋದು ಅದರ ನಿಯಮ. ಒಳ್ಳೇದೇ. ಇನ್ನೊಂದು ಲಾಭವೂ ಇದೆ: ಒಂದು ಹಾಳೆಯೂ ಕಳೆಯಬಾರದು ಅಂತ ಬೀಗ ಹಾಕಿ ಕೂರೋದೇ ಕೆಲಸ ಅಂದುಕೊಂಡಿದ್ದ ಕಡೆ, ಎಷ್ಟು ಜನ ತೆರೆದು ಓದಿದ್ರು ಅನ್ನೋ ಪ್ರಶ್ನೆ ಬರೋಕೆ ಇಂಥ ಯೋಜನೆಗಳು ಕಾರಣವಾದವು.

ಆದರೆ ಬಿಕಾಂ ಓದಿದವರಿಗೆ ಒಂದು ವಿಷಯ ತಟ್ಟನೆ ಹೊಳೆಯುತ್ತೆ. ಕ್ಯಾಪಿಟಲ್ ಖರ್ಚು ಬೇರೆ, ರೆವಿನ್ಯೂ ಖರ್ಚು ಬೇರೆ. ಕ್ಯಾಮೆರಾ, ಸ್ಕ್ಯಾನರ್, ಹಾರ್ಡ್ ಡಿಸ್ಕ್ ಇವಕ್ಕೆ ಗ್ರಾಂಟ್ ಸಿಗುತ್ತೆ. ಲೆಕ್ಕ ಕೊಡೋದೂ ಸುಲಭ: ಇಷ್ಟು ಪುಟ ಆಯ್ತು, ಫೋಟೋ ಇಗೋ. ಗೆದ್ದಲು ನೋಡೋದು, ಪಟ್ಟಿ ತಿದ್ದೋದು, ಹಳೇ ಡಿಸ್ಕಿನಿಂದ ಹೊಸದಕ್ಕೆ ಫೈಲ್ ಸಾಗಿಸೋದು ಪ್ರತಿ ತಿಂಗಳ ಖರ್ಚು. ಒಂದೆರಡು ವರ್ಷದ ಯೋಜನೆ ಮುಗಿದ ಮೇಲೆ ಅದನ್ನ ಯಾರು ಕೊಡಬೇಕು? ಗ್ರಾಂಟ್‌ನಿಂದ ಗ್ರಾಂಟ್‌ಗೆ ಜಿಗಿಯೋ ಆರ್ಕೈವಿಸ್ಟ್‌ಗೆ ನಿಧಾನಕ್ಕೆ ಏನನ್ನಿಸುತ್ತೆ ಹೇಳಿ? ಸ್ಕ್ಯಾನ್ ಮಾಡೋದೇ ವೃತ್ತಿ, ಪಟ್ಟಿ ಬರೆಯೋದು ಗುಮಾಸ್ತಗಿರಿ ಅಂತ.

ಇದರಿಂದ ನಮಗೇನು ನಷ್ಟ? ರಾಮನಗರವನ್ನೇ ತಗೊಳ್ಳಿ. ಬ್ರಿಟಿಷರ ಕಾಲದಲ್ಲಿ ಅದು ಕ್ಲೋಸ್‌ಪೇಟೆ, ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಲ್ಲಿ. 2007ರಲ್ಲಿ ರಾಮನಗರ ಜಿಲ್ಲೆ ಆಯ್ತು. 2025ರಲ್ಲಿ ಜಿಲ್ಲೆಯ ಹೆಸರನ್ನ ಬೆಂಗಳೂರು ದಕ್ಷಿಣ ಅಂತ ಬದಲಾಯಿಸೋಕೆ ಸಂಪುಟ ಒಪ್ಪಿತು. ಈಗ ನಿಮ್ಮ ಮುತ್ತಜ್ಜನ ಜಮೀನಿನ ಕಾಗದ ಸ್ಕ್ಯಾನ್ ಆಗಿದೆ ಅಂದುಕೊಳ್ಳಿ. ಫೈಲ್ ಹೆಸರು 'ಕ್ಲೋಸ್‌ಪೇಟೆ'. ನೀವು ಮೊಬೈಲಲ್ಲಿ 'ರಾಮನಗರ' ಅಂತ ಹುಡುಕ್ತೀರ. ಏನೂ ಸಿಗಲ್ಲ. ಕಾಗದ ಇದೆ, ಸ್ಕ್ಯಾನ್ ಇದೆ, ನಿಮ್ಮ ಪಾಲಿಗೆ ಮಾತ್ರ ಇಲ್ಲ. ಈ ಮೂರು ಹೆಸರೂ ಒಂದೇ ಸೀಮೆಯವು ಅಂತ ಪಟ್ಟಿಯಲ್ಲಿ ಬರೆಯೋಕೆ ಸ್ಥಳ ಗೊತ್ತಿರೋ, ಮುಂದಿನ ವರ್ಷವೂ ಅದೇ ಮೇಜಿನಲ್ಲಿ ಇರೋ ಒಬ್ಬರು ಬೇಕು.

ಹೊರಗಿನ ದುಡ್ಡು ಬೇಡ ಅಂತ ನಾನು ಹೇಳ್ತಿಲ್ಲ. ಅದು ಬರದಿದ್ದರೆ ಎಷ್ಟೋ ಕಟ್ಟುಗಳು ಗೆದ್ದಲ ಪಾಲಾಗ್ತಿದ್ದವು. ಆದರೆ ಮುಂದಿನ ಸಲ 'ಇಷ್ಟು ಲಕ್ಷ ಪುಟ ಡಿಜಿಟಲ್' ಅನ್ನೋ ಸುದ್ದಿ ಫೋನಿಗೆ ಬಂದಾಗ ಒಂದು ಪ್ರಶ್ನೆ ಕೇಳಿ: ಮೂರನೇ ವರ್ಷ ಇದನ್ನ ನೋಡಿಕೊಳ್ಳೋರಿಗೆ ಸಂಬಳ ಯಾರು ಕೊಡ್ತಾರೆ?