ಎಲ್ಗಿನ್ ರಸ್ತೆಯ ಕಾಗದಗಳು

1941ರ ಜನವರಿಯ ಒಂದು ರಾತ್ರಿ ಸುಭಾಷಚಂದ್ರ ಬೋಸರು ಪೊಲೀಸರ ಕಣ್ಣು ತಪ್ಪಿಸಿ ಕೋಲ್ಕತ್ತದ ಎಲ್ಗಿನ್ ರಸ್ತೆಯ ಮನೆಯಿಂದ ಹೊರಬಿದ್ದ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿಯೇ ಕೇಳಿದ್ದೇವೆ. ಅಂದು ಕಾರು ನಡೆಸಿದವರು ಅಣ್ಣ ಶರತ್‌ಚಂದ್ರರ ಮಗ ಶಿಶಿರ್ ಕುಮಾರ್. ಈ ಕಥೆಯ ಉತ್ತರಾರ್ಧ ನಮಗೆ ತಿಳಿದದ್ದು 2015ರಲ್ಲಿ. ಆಗ ಹೊರಬಂದ ಕಡತಗಳ ಪ್ರಕಾರ, 1948ರಿಂದ 1968ರವರೆಗೆ ಸ್ವತಂತ್ರ ಭಾರತದ ಗುಪ್ತಚರರು ಎಲ್ಗಿನ್ ರಸ್ತೆ ಹಾಗೂ ವುಡ್‌ಬರ್ನ್ ಪಾರ್ಕಿನ ಬೋಸ್ ಮನೆಗಳನ್ನು ಕಾಯುತ್ತಿದ್ದರು. ಶಿಶಿರರ ಮತ್ತು ಅವರ ಸೋದರ ಅಮಿಯನಾಥರ ಪತ್ರಗಳನ್ನು ಗುಟ್ಟಾಗಿ ಒಡೆದು ನಕಲು ಮಾಡಿಕೊಳ್ಳುತ್ತಿದ್ದರು. ಅದೇ ಶಿಶಿರರು, ಅದೇ ಬೀದಿ. ಕಾವಲಿನವರ ಸರ್ಕಾರವಷ್ಟೇ ಬೇರೆ.

ಭಾಜಪ ನೆಹರೂ ಅವರತ್ತ ಬೆರಳು ತೋರಿತು. ಬೇಕಾದಷ್ಟನ್ನೇ ಆಯ್ದು ಸೋರಿಸಿದ್ದಾರೆಂದು ಕಾಂಗ್ರೆಸ್ ಸಿಡುಕಿತು. ಸೆಪ್ಟೆಂಬರ್ 18ರಂದು ಮಮತಾ ಬ್ಯಾನರ್ಜಿಯವರ ಸರ್ಕಾರ ತನ್ನ ವಶದಲ್ಲಿದ್ದ 64 ಕಡತಗಳನ್ನು ಬಹಿರಂಗಪಡಿಸಿತು. ನೆಹರೂ ಒಬ್ಬರ ಮೇಲೆಯೇ ಹೊಣೆ ಹೊರಿಸುವುದು ನಮಗೆ ಸರಿಯೆನಿಸದು: 1948ರಲ್ಲಿ ಗೃಹಖಾತೆ ಪಟೇಲರ ಕೈಯಲ್ಲಿತ್ತು, ನೆಹರೂ ತೀರಿಕೊಂಡ ಮೇಲೆಯೂ ನಾಲ್ಕು ವರ್ಷ ಕಾವಲು ನಡೆದಿತ್ತು, ಅಷ್ಟರಲ್ಲಿ, 1967ರಲ್ಲಿ, ಬಂಗಾಳದಲ್ಲಿ ಕಾಂಗ್ರೆಸ್ಸೇತರ ಸರ್ಕಾರವೂ ಬಂದು ಹೋಗಿತ್ತು.

ಈ ಗದ್ದಲದಲ್ಲಿ ಕಾಯಿದೆಯ ಮಾತು ಹಿಂದೆ ಸರಿಯಿತು. ಸಾರ್ವಜನಿಕ ಸುರಕ್ಷತೆಯ ಹೆಸರಿನಲ್ಲಿ ಅಂಚೆಯನ್ನು ತಡೆಹಿಡಿಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದ್ದು ವಿಕ್ಟೋರಿಯಾ ರಾಣಿಯ ಕಾಲದ, 1898ರ ಅಂಚೆ ಕಾಯಿದೆಯ 26ನೆಯ ಕಲಂ. ಸ್ವಾತಂತ್ರ್ಯಾನಂತರವೂ ಅದು ಜಾರಿಯಲ್ಲಿತ್ತು. ಆ ಕಾಯಿದೆಯನ್ನು ಸಂಸತ್ತು ರದ್ದುಮಾಡಿದ್ದು 2023ರಲ್ಲಿ. ಅದರ ಬದಲಿಗೆ ಬಂದ ಕಾಯಿದೆಯ 9ನೆಯ ಕಲಮಿನಲ್ಲಿ ಅಂಚೆಯನ್ನು ತಡೆದು ತೆರೆಯುವ ಅಧಿಕಾರ ಉಳಿದುಕೊಂಡಿದೆ.