ನೂರು ವ್ಯಾಟ್ ಎಂದರೆ ಎಷ್ಟು?

ಹೋಮ್ ಥಿಯೇಟರ್ ರಿಸೀವರ್ ಕೊಳ್ಳಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಡಬ್ಬದ ಮೇಲಿನ ವ್ಯಾಟ್ ಸಂಖ್ಯೆ. ಒಂದರ ಮೇಲೆ 80, ಪಕ್ಕದ್ದರ ಮೇಲೆ 150. ಬೆಲೆ ಹೆಚ್ಚುಕಡಿಮೆ ಒಂದೇ. ಎರಡನೆಯದೇ ಲಾಭ ಅನ್ನಿಸುವುದು ಸಹಜ. ಆದರೆ ಎರಡನ್ನೂ ಒಂದೇ ರೀತಿಯಲ್ಲಿ ಅಳೆದಿದ್ದಾರೆಯೇ? ಈ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ. ಹೇಗೆ ಅಳೆದರು ಎಂದು ಹೇಳದ ಸಂಖ್ಯೆಯನ್ನು ಅಳತೆಯೆಂದು ನಂಬಬಾರದು ಎಂಬುದೇ ಅದರಿಂದ ನಾನು ಕಲಿತ ಪಾಠ.

ಈ ಮಾನಕ್ಕೆ ಹೆಸರು ಕೊಟ್ಟವನು ಸ್ಕಾಟ್ಲೆಂಡಿನ ಜೇಮ್ಸ್ ವ್ಯಾಟ್. 1780ರ ದಶಕದಲ್ಲಿ ಅವನು ತನ್ನ ಉಗಿಯಂತ್ರವನ್ನು ಗಿರಣಿ ಮಾಲೀಕರಿಗೆ ಒಪ್ಪಿಸಬೇಕಿತ್ತು. ಅವರಿಗೆ ಗೊತ್ತಿದ್ದದ್ದು ಕುದುರೆ. ಯಂತ್ರ ಎಷ್ಟು ಕುದುರೆಗಳಿಗೆ ಸಮ ಎಂದು ತಿಳಿಸಲು ಅವನು ಅಶ್ವಶಕ್ತಿಯ ಲೆಕ್ಕ ಹಿಡಿದ: ಒಂದು ನಿಮಿಷದಲ್ಲಿ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತುವ ಶಕ್ತಿ. ವ್ಯಾಪಾರಕ್ಕೆಂದೇ ಹುಟ್ಟಿದ ಲೆಕ್ಕವಾದರೂ ಭಾರ, ಎತ್ತರ, ಸಮಯ ಮೂರೂ ಅದರಲ್ಲಿ ಬಿಚ್ಚಿಟ್ಟಿದ್ದವು. ಅನುಮಾನ ಬಂದವರು ಪರೀಕ್ಷಿಸಬಹುದಿತ್ತು. 1882ರಲ್ಲಿ ವಿಲಿಯಂ ಸೀಮೆನ್ಸ್ ಶಕ್ತಿಯ ಮಾನಕ್ಕೆ ವ್ಯಾಟನ ಹೆಸರು ಸೂಚಿಸಿದ. ಒಂದು ಅಶ್ವಶಕ್ತಿ ಸುಮಾರು 746 ವ್ಯಾಟ್.

ಮನೆಯಲ್ಲಿ ಸಂಗೀತ ಕೇಳಲು ಇಷ್ಟೆಲ್ಲ ಬೇಕಿರಲಿಲ್ಲ. 1947ರಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಬ್ರಿಟನ್ನಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟಿಸಿದ ಹೆಸರಾಂತ ಆಂಪ್ಲಿಫೈಯರ್ ವಿನ್ಯಾಸದ ಶಕ್ತಿ ಬರೀ 15 ವ್ಯಾಟ್. 1954ರಲ್ಲಿ ಎಡ್ಗರ್ ವಿಲ್ಚರ್ ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದಲೇ ಆಳವಾದ ಮಂದ್ರಸ್ವರ ಹೊರಡಿಸುವ ಸ್ಪೀಕರ್ ತಂದ. ಕೋಣೆಯಲ್ಲಿ ಜಾಗ ಉಳಿಯಿತು. ಆದರೆ ಇಂಥ ಸ್ಪೀಕರಿಗೆ ಹೆಚ್ಚು ಶಕ್ತಿ ಉಣಿಸಬೇಕಾಯಿತು. ಸ್ಟೀರಿಯೋ, ಟ್ರಾನ್ಸಿಸ್ಟರ್ ಬಂದ ಮೇಲೆ ವ್ಯಾಟ್ ಸಂಖ್ಯೆಯೇ ಜಾಹೀರಾತಿನ ತಲೆಬರಹವಾಯಿತು.

1960ರ ದಶಕದ ಅಮೆರಿಕದಲ್ಲಿ ನಡೆದ ಲೆಕ್ಕದ ಆಟ ನೋಡಿ. ಒಂದು ಸೆಟ್ಟು ಎಡೆಬಿಡದೆ ಚಾನೆಲ್ಲಿಗೆ 20 ವ್ಯಾಟ್ ಕೊಡುತ್ತದೆ ಎನ್ನಿ. ಅಲೆಯ ತುತ್ತತುದಿಯ ಕ್ಷಣವನ್ನು ಮಾತ್ರ ಹಿಡಿದರೆ ಅದು ಎರಡರಷ್ಟು, ಅಂದರೆ 40. ಎರಡು ಚಾನೆಲ್ ಕೂಡಿಸಿದರೆ 80. ಕ್ಷಣಮಾತ್ರದ ನಾದಕ್ಕೆ ಸಿಗುವ ಹೆಚ್ಚುವರಿ ಶಕ್ತಿಯನ್ನು 'ಮ್ಯೂಸಿಕ್ ಪವರ್' ಎಂದು ಸೇರಿಸಿದರೆ ನೂರು ದಾಟುತ್ತದೆ. ಯಾವುದೂ ಪೂರ್ತಿ ಸುಳ್ಳಲ್ಲ. ಕೊಳ್ಳುವವನಿಗೆ ಹೋಲಿಸುವ ದಾರಿ ಮಾತ್ರ ಇಲ್ಲ.

1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕೊಂದು ನಿಯಮ ತಂದಿತು. ಶಕ್ತಿಯನ್ನು ಹೇಳುವುದಾದರೆ ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನೇ ಹೇಳಬೇಕು. ಎಷ್ಟು ಓಮ್ ಸ್ಪೀಕರಿಗೆ, ಯಾವ ಕಂಪನಾಂಕದಿಂದ ಯಾವುದರವರೆಗೆ, ಎಷ್ಟು ವಿರೂಪದೊಂದಿಗೆ ಎಂಬುದನ್ನೂ ತಿಳಿಸಬೇಕು. ಅಳೆಯುವ ಮುನ್ನ ಒಂದು ಗಂಟೆ ಮೂರನೇ ಒಂದು ಭಾಗ ಶಕ್ತಿಯಲ್ಲಿ ಸೆಟ್ಟನ್ನು ಕಾಯಿಸಬೇಕು. ಬಿಸಿಯೇರಿದಾಗಲೂ ನಿಲ್ಲುವ ಶಕ್ತಿ ಎಷ್ಟು ಎಂದು ಇದರಿಂದ ಬಯಲಾಗುತ್ತಿತ್ತು. ಪೈಪೋಟಿ ನಿಲ್ಲಲಿಲ್ಲ, ಆದರೆ ಒಂದೇ ತಕ್ಕಡಿಯಲ್ಲಿ ನಡೆಯಿತು: 1978ರ ಪಯೋನಿಯರ್ ಎಸ್‌ಎಕ್ಸ್-1980 ಇಂಥ ಷರತ್ತುಗಳಲ್ಲೇ ಚಾನೆಲ್ಲಿಗೆ 270 ವ್ಯಾಟ್ ಘೋಷಿಸಿತು. ಅದರ ತೂಕ 35 ಕಿಲೋ.

ಆ ನಿಯಮ ನಮ್ಮ ಅಂಗಡಿಗಳಿಗೆ ಅನ್ವಯಿಸುತ್ತಿರಲಿಲ್ಲ. 1990ರ ದಶಕದಲ್ಲಿ ನಮ್ಮ ಊರುಗಳ ಟೂ-ಇನ್-ಒನ್ ಸೆಟ್ಟುಗಳ ಮುಖದ ಮೇಲೆ 'ಪಿಎಂಪಿಒ' ಎಂಬ ಅಕ್ಷರಗಳು, ಪಕ್ಕದಲ್ಲಿ ನೂರಾರು ವ್ಯಾಟ್. ಸಾವಿರ ವ್ಯಾಟ್ ಎಂದರೆ ಇಸ್ತ್ರಿಪೆಟ್ಟಿಗೆ ಎಳೆಯುವಷ್ಟು ವಿದ್ಯುತ್ತು. ಈ ಸೆಟ್ಟೋ, ಕರೆಂಟು ಹೋದರೆ ಕೆಲವೇ ಟಾರ್ಚ್ ಸೆಲ್ಲುಗಳ ಮೇಲೆ ಹಾಡುತ್ತಿತ್ತು. ಪಿಎಂಪಿಒಗೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಇರಲಿಲ್ಲ.

ಹೋಮ್ ಥಿಯೇಟರ್ ಕಾಲದಲ್ಲಿ ಹಳೆಯ ಆಟ ಹೊಸ ವೇಷದಲ್ಲಿ ಮರಳಿತು. ಐದು, ಏಳು ಚಾನೆಲ್‌ಗಳಿಗೆ ಪವರ್ ಸಪ್ಲೈ ಒಂದೇ. ಒಂದನ್ನೇ ದುಡಿಸಿ ಅಳೆದರೆ ಸಂಖ್ಯೆ ದೊಡ್ಡದು. ಎಲ್ಲವನ್ನೂ ಒಟ್ಟಿಗೆ ದುಡಿಸಿದರೆ ಕುಗ್ಗುತ್ತದೆ. ಅಮೆರಿಕದ ನಿಯಮವೂ 2000ದಲ್ಲಿ ಸಡಿಲಗೊಂಡು, ವಿರೂಪ ಮತ್ತು ಕಂಪನಾಂಕದ ವಿವರಗಳನ್ನು ಜಾಹೀರಾತಿನಲ್ಲಿ ಬಿಡಲು ಅವಕಾಶವಾಯಿತು. 2024ರ ತಿದ್ದುಪಡಿ ಮತ್ತೆ ಬಿಗಿ ಮಾಡಿತು: 8 ಓಮ್, 20ರಿಂದ 20,000 ಹರ್ಟ್ಸ್, ವಿರೂಪ ಶೇ. 1ಕ್ಕಿಂತ ಕಡಿಮೆ.

ಈಗ ಆ ಎರಡು ಡಬ್ಬಗಳ ಸಣ್ಣಕ್ಷರಗಳನ್ನು ಓದೋಣ. 80ರ ಕೆಳಗೆ '2 ಚಾನೆಲ್, 8 ಓಮ್, 20ರಿಂದ 20,000 ಹರ್ಟ್ಸ್, ಶೇ. 0.08 ವಿರೂಪ' ಎಂದಿದ್ದು, 150ರ ಕೆಳಗೆ '1 ಚಾನೆಲ್, 6 ಓಮ್, 1,000 ಹರ್ಟ್ಸ್, ಶೇ. 10 ವಿರೂಪ' ಎಂದಿದ್ದರೆ ಮೊದಲನೆಯದೇ ಬಲಶಾಲಿ ಇರಬಹುದು. ಎರಡೂ ಸಂಖ್ಯೆ ನಿಜವೇ ಆಗಿದ್ದರೂ ನಡುವಿನ ಅಂತರ 3 ಡೆಸಿಬೆಲ್ಲಿಗೂ ಕಡಿಮೆ. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅದೇ 87 ಡೆಸಿಬೆಲ್ ಸಂವೇದನೆಯ ಸ್ಪೀಕರ್ ಬದಲು 90ರದ್ದನ್ನು ಆರಿಸಿಕೊಂಡರೆ ಆಂಪ್ಲಿಫೈಯರ್ ಶಕ್ತಿ ಇಮ್ಮಡಿಯಾದಂತೆಯೇ. ಅಂಗಡಿಯಲ್ಲಿ ನಾನು ಮೊದಲು ಕೇಳುವುದು ಹಾಗಾಗಿ ಎಷ್ಟು ವ್ಯಾಟ್ ಎಂದಲ್ಲ; ಎಷ್ಟು ಚಾನೆಲ್ ಒಟ್ಟಿಗೆ ದುಡಿಸಿ ಅಳೆದಿದ್ದಾರೆ ಎಂದು.